ವಯಸ್ಸಾದ ನಾಯಿಗೆ ಕಾರು ಹತ್ತಲು ಮನೆಯಲ್ಲೇ ಮೆಟ್ಟಿಲು ಮಾಡಿ

ಕಾರಿನ ಬಾಗಿಲ ಹತ್ತಿರ ಪ್ಲಾಸ್ಟಿಕ್ ಸ್ಟೂಲ್ ಇಟ್ಟು, ಕೊರಳಪಟ್ಟಿ ಹಿಡಿದು ನಾಯಿಯನ್ನು ಮೇಲಕ್ಕೆ ಎಳೆಯುವವರನ್ನು ಪಶು ಆಸ್ಪತ್ರೆಯ ಮುಂದೆ ಎಷ್ಟೋ ಸಲ ನೋಡಿದ್ದೇನೆ. ಸ್ಟೂಲ್ ವಾಲುತ್ತದೆ, ನಾಯಿ ಜಾರುತ್ತದೆ. ಒಮ್ಮೆ ಹೆದರಿದ ಮೇಲೆ ಎಷ್ಟು ಒಳ್ಳೆ ಮೆಟ್ಟಿಲು ಇಟ್ಟರೂ ಕಾಲಿಡುವುದಿಲ್ಲ. ನಮ್ಮನೆ ಲ್ಯಾಬ್ರಡಾರ್ ಚಿನ್ನುಗೆ ಈಗ 12 ವರ್ಷ, 30 ಕೆಜಿ ತೂಕ. ಅವಳಿಗೆ ಮಾಡಿದ ಮೆಟ್ಟಿಲಿನ ಲೆಕ್ಕ ಇಲ್ಲಿದೆ.

ಮೊದಲು ಪಶುವೈದ್ಯರಿಗೆ ತೋರಿಸಿ. ಬೆನ್ನುಮೂಳೆಯ ತೊಂದರೆ ಇರುವ ನಾಯಿಗೆ, ಅದರಲ್ಲೂ ಡ್ಯಾಶ್‌ಹಂಡ್‌ನಂಥ ಉದ್ದ ಬೆನ್ನಿನದಕ್ಕೆ, ಮೆಟ್ಟಿಲು ಬೇಡ. ಇಳಿಜಾರು ಹಲಗೆಯೇ ಒಳ್ಳೆಯದು. ಹತ್ತಲು ಕಷ್ಟ ಅಂತ ನಮ್ಮ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು.

ಇನ್ನು ಅಳತೆ. ನೆಲದಿಂದ ಹಿಂದಿನ ಸೀಟಿನವರೆಗೆ ಟೇಪು ಹಿಡಿಯಿರಿ. ನಮ್ಮ ಕಾರಿನಲ್ಲಿ 60 ಸೆಂ.ಮೀ. ಬಂತು. ಒಂದೊಂದು ಹೆಜ್ಜೆಗೆ 15 ಸೆಂ.ಮೀ. ಎತ್ತರ, ಅದಕ್ಕಿಂತ ಜಾಸ್ತಿ ಬೇಡ. ಕೊನೆಯ ಹೆಜ್ಜೆ ಸೀಟಿಗೇ ಆದ್ದರಿಂದ 15, 30, 45 ಸೆಂ.ಮೀ. ಎತ್ತರದ ಮೂರು ಮೆಟ್ಟಿಲು ಸಾಕು. ಸೀಟಿನ ಮುಂದೆ ನಾವು ಕಾಲಿಡುವ ಜಾಗ ಗುಂಡಿಯ ಹಾಗಿರುತ್ತದಲ್ವಾ, ಅದನ್ನು ಗಟ್ಟಿ ರಟ್ಟಿನ ಪೆಟ್ಟಿಗೆ, ಹಳೆ ಹಾಸಿಗೆ ಹಾಕಿ ಸೀಟಿನ ಮಟ್ಟಕ್ಕೆ ತನ್ನಿ.

ಹೆಚ್ಚಿನವರು ಕೆಡಿಸುವುದು ಮೆಟ್ಟಿಲಿನ ಆಳವನ್ನು, ಅಂದರೆ ಕಾಲಿಡುವ ಹಲಗೆಯ ಮುಂದಿನ ಅಂಚಿನಿಂದ ಹಿಂದಿನವರೆಗಿನ ಅಳತೆಯನ್ನು. ಮನೆಯ ಮೆಟ್ಟಿಲಿನ ಲೆಕ್ಕದಲ್ಲಿ 25 ಸೆಂ.ಮೀ. ಇಟ್ಟುಬಿಡುತ್ತಾರೆ. ನಮಗೆ ಅಷ್ಟು ಸಾಕು, ನಾಯಿಗೆ ಸಾಲದು. ವಯಸ್ಸಾದ ನಾಯಿ ಮುಂಗಾಲು ಇಟ್ಟು, ಸ್ವಲ್ಪ ನಿಂತು, ಹಿಂಗಾಲನ್ನು ನಿಧಾನಕ್ಕೆ ಮೇಲೆ ತರುತ್ತದೆ. ಹಾಗೆ ನಿಲ್ಲಲು 40 ಸೆಂ.ಮೀ. ಆಳ, 50 ಸೆಂ.ಮೀ. ಅಗಲ ಬೇಕೇ ಬೇಕು. ಮೆಟ್ಟಿಲುಗಳ ಮಧ್ಯೆ ಎದುರಿನ ಸಂದಿಯನ್ನೂ ಹಲಗೆಯಿಂದ ಮುಚ್ಚಿಸಿ. ಸಂದಿ ಬಿಟ್ಟರೆ ಕಾಲು ಸಿಕ್ಕಿಕೊಳ್ಳಬಹುದು, ಆಚೆ ಬದಿ ಕಂಡು ಹೆದರುತ್ತದೆ ಕೂಡ.

ಮೇಲಿನ ಹಲಗೆಗೆ 18 ಎಂ.ಎಂ. ಪ್ಲೈವುಡ್, ಪಕ್ಕಕ್ಕೆ 12 ಎಂ.ಎಂ. ಸಾಕು. ಬಡಗಿಗೆ ಅಳತೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಮೊಳೆ ಬೇಡ, ಮರದ ಅಂಟು ಹಚ್ಚಿ ಸ್ಕ್ರೂ ಹಾಕಿ. ಮೊಳೆ ಹೊಡೆದದ್ದು ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಕೆಳಗಿನ ಎರಡು ಮೆಟ್ಟಿಲು ಒಂದು ಭಾಗ, ಮೂರನೆಯದು ಇನ್ನೊಂದು ಭಾಗ ಮಾಡಿ, ನಡುವೆ ಬೋಲ್ಟ್ ಹಾಕಿ. ಬಿಚ್ಚಿ ಆಸ್ಪತ್ರೆಗೂ ಒಯ್ಯಬಹುದು. ತಳಕ್ಕೆ ಹಳೆ ಟ್ಯೂಬಿನ ರಬ್ಬರ್ ಅಂಟಿಸಿ. ಆಮೇಲೆ ನೀವೇ ಒಂದೊಂದು ಮೆಟ್ಟಿಲಿನ ಅಂಚಿನಲ್ಲೂ ನಿಂತು ನೋಡಿ. ಒಂಚೂರು ಅಲುಗಾಡಿದರೂ ನಾಯಿಯನ್ನು ಹತ್ತಿಸಬೇಡಿ, ಮೊದಲು ಸರಿ ಮಾಡಿ. ಅಂಗಡಿಯಲ್ಲಿ ಸಿಗುವ ಮಡಚುವ ಪ್ಲಾಸ್ಟಿಕ್ ಮೆಟ್ಟಿಲನ್ನೂ ನಾನು ತಂದಿದ್ದೆ. ಚಿನ್ನು ಕಾಲಿಟ್ಟ ಕೂಡಲೇ ನಡುವೆ ಬಗ್ಗಿತು. ದೊಡ್ಡ ನಾಯಿಗೆ ಅದು ಬೇಡವೇ ಬೇಡ.

ಮೆಟ್ಟಿಲ ಮೇಲೆ ನುಣುಪು ಲ್ಯಾಮಿನೇಟ್ ಅಂಟಿಸಬೇಡಿ, ನೋಡಲು ಚೆಂದ, ಕಾಲು ಜಾರುತ್ತದೆ. ಕುಣಿಕೆ ಕುಣಿಕೆಯಾಗಿ ನೇಯ್ದ ಕಾರ್ಪೆಟ್ಟಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಗೀರುಗೀರಾದ ರಬ್ಬರ್ ಮ್ಯಾಟೇ ಸರಿ. ಬಿಸಿಲಲ್ಲಿ ಅದು ಸುಡುತ್ತದೆ, ಅಂಗೈ ಇಟ್ಟು ನೋಡಿಕೊಳ್ಳಿ.

ಕಲಿಸುವಾಗ ಅವಸರ ಬೇಡ. ಮೊದಲ ಎರಡು ದಿನ ಕಾರಿನ ಹತ್ತಿರವೇ ಹೋಗಬೇಡಿ. ಕೆಳಗಿನ ಭಾಗವನ್ನು ಮನೆಯೊಳಗೆ ಗೋಡೆಗೆ ತಾಗಿಸಿ ಇಟ್ಟು, ಮೊದಲ ಮೆಟ್ಟಿಲ ಮೇಲೆ ಬೇಯಿಸಿದ ಕೋಳಿಯ ಚೂರು ಇಡಿ. ನಾಲ್ಕೂ ಕಾಲು ಮೇಲೆ ಬಂದ ಮೇಲೆ ಇನ್ನೊಂದು ಚೂರು. ಚಿನ್ನು ಮೂರನೆಯ ದಿನ ತಾನಾಗಿಯೇ ಹತ್ತಿ ನಿಂತು ನನ್ನ ಕೈ ನೋಡಿದಳು. ಅವತ್ತೇ ಕಾರಿನ ಹತ್ತಿರ ಕರೆದೊಯ್ದೆ. ಹಗ್ಗ ಎಳೆಯಬೇಡಿ. ಹಿಂಗಾಲಿಗೆ ಬಲ ಇಲ್ಲದಿದ್ದರೆ ತೊಡೆಯ ಮುಂದೆ, ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಎರಡೂ ತುದಿ ಹಿಡಿದುಕೊಳ್ಳಿ.

ಇಳಿಸುವಾಗ ಇನ್ನೂ ಹುಷಾರು. ನಾಯಿಯ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗ ಮುಂಗಾಲಿನ ಮೇಲೇ ಇರುತ್ತದೆ, ಇಳಿಯುವಾಗ ಅದು ಇನ್ನೂ ಹೆಚ್ಚುತ್ತದೆ. ಬಾಗಿಲು ತೆಗೆದ ಕೂಡಲೇ ನೆಗೆಯಲು ನೋಡುತ್ತದೆ. ಅದಕ್ಕೇ ಮೊದಲು ಮೆಟ್ಟಿಲನ್ನು ಬಾಗಿಲ ಹೊರಗೆ ಇಟ್ಟುಕೊಂಡಿರಿ. ಬಾಗಿಲನ್ನು ಒಂದು ಗೇಣು ಮಾತ್ರ ತೆಗೆದು, ನಾಯಿಯ ಎದೆಗೆ ಕೈ ಅಡ್ಡ ಹಿಡಿದು, ಆಮೇಲೆ ಪೂರ್ತಿ ತೆಗೆಯಿರಿ. ಚಿನ್ನು ಎರಡನೆಯ ಮೆಟ್ಟಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ಅವಳು ಮುಂದಿನ ಹೆಜ್ಜೆ ಇಡುವ ತನಕ ನಾನೂ ಅಲ್ಲೇ ನಿಂತಿರುತ್ತೇನೆ.