ಮೇನ್ ಆಫ್ ಮಾಡಿದರೆ ಸಾಲದು: ಮನೆಯಲ್ಲೇ ಫ್ಯಾನ್ ಹಾಕುವುದು ಹೀಗೆ

ಸೀಲಿಂಗ್ ಫ್ಯಾನ್ ಹಾಕುವುದು ಮಹಾ ಕಷ್ಟದ ಕೆಲಸವೇನಲ್ಲ. ಚಾವಣಿಯಲ್ಲಿ ಹುಕ್ಕು, ಪಕ್ಕದಲ್ಲಿ ವೈರು, ಗೋಡೆಯಲ್ಲಿ ಸ್ವಿಚ್ಚು ಮೊದಲೇ ಇದ್ದರೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಹೊಸದಾಗಿ ಲೈನ್ ಎಳೆಯಬೇಕಿದ್ದರೆ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ಮೊದಲು ಕರೆಂಟಿನ ವಿಷಯ. ನಾನು ಮೊದಲ ಸಲ ಫ್ಯಾನ್ ಬದಲಿಸಲು ಹೊರಟಾಗ ಮೇನ್ ಆಫ್ ಮಾಡಿ ಧೈರ್ಯವಾಗಿ ಏಣಿ ಹತ್ತಿದ್ದೆ. ಸುಮ್ನೆ ನೋಡೋಣ ಅಂತ ವೈರಿಗೆ ಟೆಸ್ಟರ್ ಇಟ್ಟರೆ ದೀಪ ಹೊತ್ತಿಕೊಂಡಿತು! ಆದದ್ದಿಷ್ಟೇ: ಮೇನ್ ಇಳಿಸಿದ್ದೇ ತಡ, ಕರೆಂಟ್ ಹೋಯಿತೆಂದುಕೊಂಡು ಯುಪಿಎಸ್ ಶುರುವಾಗಿತ್ತು. ಅದು ಕೊಡುವುದೂ ಅದೇ 230 ವೋಲ್ಟ್. ಹಾಗಾಗಿ ಮೇನ್ ಮತ್ತು ಯುಪಿಎಸ್ ಎರಡನ್ನೂ ಆಫ್ ಮಾಡಿ. ಗೋಡೆಯ ಸ್ವಿಚ್ಚನ್ನಂತೂ ನಂಬಲೇಬೇಡಿ. ಕೆಲವು ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆಫ್ ಮಾಡಿದರೂ ಕರೆಂಟ್ ತರುವ ಫೇಸ್ ವೈರು ಮೇಲೆ ಫ್ಯಾನಿನಲ್ಲಿ ಹಾಗೇ ಇರುತ್ತದೆ. ಟೆಸ್ಟರ್ ಸರಿಯಿದೆಯಾ ಎಂದು ಕರೆಂಟ್ ಇರುವಾಗಲೇ ಒಂದು ಪ್ಲಗ್ಗಿನಲ್ಲಿ ನೋಡಿಕೊಂಡಿರಿ.

ಇನ್ನು ಹುಕ್ಕು. ತುಕ್ಕು ಹಿಡಿದಿದ್ದರೆ, ಅಲ್ಲಾಡಿದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಹೆಂಚಿನ ಮನೆಯಾದರೆ ಗಟ್ಟಿ ತೊಲೆಗೆ ಬೋಲ್ಟ್ ಹಾಕಿ ಬಿಗಿದ ಕ್ಲ್ಯಾಂಪ್ ಬೇಕು, ರೀಪಿಗೆ ನೇತುಹಾಕಬೇಡಿ. ರೆಕ್ಕೆ ನೆಲದಿಂದ ಕನಿಷ್ಠ 8 ಅಡಿ ಮೇಲಿರಲಿ, ಚಾವಣಿಗೂ ರೆಕ್ಕೆಗೂ ನಡುವೆ ಸುಮಾರು 1 ಅಡಿ ಜಾಗ ಇರಲಿ. ತೀರಾ ಹತ್ತಿರವಾದರೆ ಫ್ಯಾನ್ ತಿರುಗುತ್ತದೆ, ಗಾಳಿ ಬರುವುದಿಲ್ಲ.

ಜೋಡಣೆ ನೆಲದ ಮೇಲೆಯೇ ಆಗಲಿ. ರಾಡಿನ ಎರಡು ತುದಿಗಳನ್ನು ಮುಚ್ಚುವ ಎರಡೂ ಕಪ್‌ಗಳನ್ನು ಮೊದಲು ರಾಡ್‌ಗೆ ತೂರಿಸಿ. ಇದನ್ನು ಮರೆತು ಎಲ್ಲ ಬಿಗಿದು, ಮತ್ತೆ ಬಿಚ್ಚದವರು ಅಪರೂಪ! ಮೋಟಾರಿನ ವೈರನ್ನು ರಾಡ್ ಒಳಗಿಂದ ಮೇಲಕ್ಕೆ ತನ್ನಿ. ರಾಡನ್ನು ಮೋಟಾರಿಗೆ ಕೂರಿಸಿ ಬೋಲ್ಟ್, ನಟ್ಟು ಹಾಕಿ. ಆಮೇಲೆ ಸ್ಪ್ಲಿಟ್ ಪಿನ್. ಕೂದಲಿನ ಪಿನ್ನಿನಂತಿರುವ ಈ ಸಣ್ಣ ತುಂಡೇ ಫ್ಯಾನ್ ಬೀಳದಂತೆ ಕಾಯುವುದು. ತಿರುಗುವಾಗಿನ ಅದುರಾಟಕ್ಕೆ ನಟ್ಟು ನಿಧಾನವಾಗಿ ಸಡಿಲವಾಗಬಹುದು, ಆದರೆ ಪಿನ್ ಇದ್ದರೆ ಅದು ಕಳಚಿಕೊಳ್ಳುವುದಿಲ್ಲ. ಪಿನ್ ತೂರಿಸಿ ಎರಡೂ ಕಾಲುಗಳನ್ನು ಅಗಲಿಸಿ ಬಗ್ಗಿಸಿ.

ಈಗ ಒಬ್ಬರು ಏಣಿ ಹಿಡಿದುಕೊಳ್ಳಲಿ. ರೆಕ್ಕೆ ಇಲ್ಲದ ಮೋಟಾರನ್ನು ಎತ್ತಿ, ಹುಕ್ಕಿನಲ್ಲಿ ರಬ್ಬರ್ ರೋಲರ್ ಕೂರಿಸಿ, ಅದರ ಮೂಲಕ ಬೋಲ್ಟ್ ತೂರಿಸಿ. ಇಲ್ಲಿಯೂ ನಟ್ಟು, ಮತ್ತೆ ಸ್ಪ್ಲಿಟ್ ಪಿನ್.

ವೈರಿಂಗ್ ಇದ್ದುದರಲ್ಲಿ ಸುಲಭ. ನಮ್ಮಲ್ಲಿ ಸಾಮಾನ್ಯವಾಗಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಆದರೆ ಹಳೆಯ ಮನೆಗಳಲ್ಲಿ ಬಣ್ಣವನ್ನು ನಂಬುವ ಹಾಗಿಲ್ಲ. ಸ್ವಿಚ್ ಮತ್ತು ರೆಗ್ಯುಲೇಟರ್ ಫೇಸ್ ವೈರಿನಲ್ಲೇ ಇರಬೇಕು. ಫೇಸ್, ನ್ಯೂಟ್ರಲ್ ಅನ್ನು ಕನೆಕ್ಟರಿಗೆ ಬಿಗಿಯಿರಿ. ಅರ್ಥ್ ವೈರನ್ನು ಸುತ್ತಿ ಒಳಗೆ ತಳ್ಳುವವರೇ ಜಾಸ್ತಿ, ನೀವು ಹಾಗೆ ಮಾಡದೆ ಅದನ್ನೂ ಜೋಡಿಸಿ. ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಆದರೆ ಗೋಡೆಯ ರೆಗ್ಯುಲೇಟರ್ ತೆಗೆಸಿ, ಸ್ವಿಚ್ಚಿನಿಂದ ನೇರ ಲೈನ್ ಕೊಡಬೇಕು. ಹಳೆಯ ಮಾದರಿಯ ಫ್ಯಾನ್ ಸುಮಾರು 75 ವ್ಯಾಟ್ ತಿಂದರೆ ಇದು 30ರ ಆಸುಪಾಸಿನಲ್ಲಿ ಮುಗಿಸುತ್ತದೆ.

ಮೇಲಿನ ಕಪ್ ಹತ್ತಿಸಿ ವೈರು ಮುಚ್ಚಿ, ಕೆಳಗಿನದನ್ನು ಇಳಿಸಿ ಬಿಗಿಯಿರಿ. ಕೊನೆಗೆ ರೆಕ್ಕೆ. ಒಂದೇ ಪೆಟ್ಟಿಗೆಯ ರೆಕ್ಕೆಗಳನ್ನೇ ಹಾಕಿ, ಹಳೆಯ ಫ್ಯಾನಿನದು ಬೆರೆಸಬೇಡಿ. ತೂಕ ವ್ಯತ್ಯಾಸವಾದರೆ ಫ್ಯಾನ್ ತೂಗಾಡುತ್ತದೆ. ಆಮೇಲೂ ತೂಗಾಡಿದರೆ ಪ್ರತಿ ರೆಕ್ಕೆಯ ತುದಿಯಿಂದ ಚಾವಣಿಗೆ ಟೇಪ್ ಹಿಡಿದು ಅಳೆಯಿರಿ. ಬಗ್ಗಿದ ರೆಕ್ಕೆ ಯಾವುದೆಂದು ಗೊತ್ತಾಗುತ್ತದೆ.

ಕರೆಂಟ್ ಕೊಡಿ. ಕೆಳಗಿನಿಂದ ನೋಡಿದರೆ ಫ್ಯಾನ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಬೇಕು. ಉಲ್ಟಾ ತಿರುಗಿದರೆ ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರಾಯಿತು ಎನ್ನುತ್ತಾರೆ ಹಲವರು. ಅದರಿಂದ ಏನೂ ಆಗದು. ತಪ್ಪಿರುವುದು ಕಂಡೆನ್ಸರ್‌ನ, ಅಂದರೆ ಮೋಟಾರು ತಿರುಗಲು ನೆರವಾಗುವ ಕೆಪಾಸಿಟರ್‌ನ ವೈರಿಂಗ್. ನಿಧಾನ ತಿರುಗುವ ಹಳೆಯ ಫ್ಯಾನಿಗೂ ಬಹಳ ಸಲ ಇದೇ ಕಂಡೆನ್ಸರ್ ಕಾರಣ. ಸಾಮಾನ್ಯವಾಗಿ ಅದು 2.5 ಮೈಕ್ರೋಫ್ಯಾರಡ್ ಇರುತ್ತದೆ. ಅಂಗಡಿಗೆ ಹಳೆಯದನ್ನೇ ಒಯ್ದು ಅದೇ ಅಳತೆಯದು ತನ್ನಿ. ಬಿಚ್ಚುವ ಮುಂಚೆ ಮೇನ್ ಜೊತೆ ಯುಪಿಎಸ್ ಕೂಡ ಆಫ್ ಮಾಡಿದ್ದೀರಿ ತಾನೆ?