ಬೀಳು ಜಮೀನಿಗೆ ಹೂಡಿಕೆದಾರರು ಬರಬೇಕೆಂದರೆ ಮೊದಲು ಪಹಣಿ ತೆಗೆಸಿ

ಶಿರಾ ದಾಟಿ ಹಿರಿಯೂರಿನ ಕಡೆ ಹೆದ್ದಾರಿಯಲ್ಲಿ ಹೋಗುವಾಗ ‘ಜಮೀನು ಲೀಸಿಗಿದೆ, ಗೋಡೌನ್‌ಗೆ ಸೂಕ್ತ’ ಎಂಬ ತಗಡಿನ ಬೋರ್ಡುಗಳು ಕಾಣುತ್ತವೆ. ಕೆಲವದರ ಫೋನ್ ನಂಬರು ಬಿಸಿಲಿಗೆ ಮಾಸಿ ಓದಲಿಕ್ಕೇ ಬರುವುದಿಲ್ಲ. ಮಳೆ ಕೈಕೊಟ್ಟು, ಬೋರ್‌ವೆಲ್ ಬತ್ತಿ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಬೀಳು ಬಿದ್ದ ಹೊಲಗಳವು. ಕೇಳಿಕೊಂಡು ಬರುವವರು ಇಲ್ಲವೆಂದಲ್ಲ. ಬರುತ್ತಾರೆ, ಕಾರು ನಿಲ್ಲಿಸಿ ಸುತ್ತ ನೋಡುತ್ತಾರೆ, ‘ದಾಖಲೆ ಕಳಿಸಿ’ ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಇಂಥ ಹಲವು ಮಾತುಕತೆಗಳಲ್ಲಿ ನಾನು ಜಮೀನಿನವರ ಪಕ್ಕದಲ್ಲಿ ಕೂತಿದ್ದೇನೆ. ಬೆಲೆಗಾಗಿ ಮುರಿದುಬಿದ್ದದ್ದು ಕಡಿಮೆ, ಕಾಗದಕ್ಕಾಗಿ ಮುರಿದದ್ದೇ ಹೆಚ್ಚು. ಹಾಗಾಗಿ ಇಲ್ಲಿಯೂ ಕಾಗದದ ಮಾತೇ ಹೆಚ್ಚಿದೆ.

ಮೊದಲ ಹೆಜ್ಜೆ: ಜಮೀನು ಯಾವುದಕ್ಕೆ ಒಗ್ಗುತ್ತದೆ?

ಹೆದ್ದಾರಿಗೆ ಮುಖ ಇದ್ದರೆ ಪೆಟ್ರೋಲ್ ಬಂಕ್, ಹೋಟೆಲ್, ಗೋಡೌನ್. ವಿದ್ಯುತ್ ಸಬ್‌ಸ್ಟೇಷನ್ ಹತ್ತಿರವಿದ್ದು ಬಿಸಿಲು ಕಾಯುವ ಖುಷ್ಕಿ, ಅಂದರೆ ಮಳೆಯಾಶ್ರಿತ ಜಮೀನಾದರೆ ಸೋಲಾರ್. ಕೇಂದ್ರ ಸರ್ಕಾರದ ಸೌರ ವಿದ್ಯುತ್ ಯೋಜನೆಯಾದ ಕುಸುಮ್‌ನ ‘ಎ’ ಭಾಗದಲ್ಲಿ 500 ಕಿಲೋವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕಗಳಿಗೆ ಸಬ್‌ಸ್ಟೇಷನ್‌ನಿಂದ 5 ಕಿಲೋಮೀಟರ್ ಒಳಗಿನ ಜಮೀನು ಕೇಳುತ್ತಾರೆ. ಒಂದು ಮೆಗಾವಾಟ್‌ಗೆ ನಾಲ್ಕೈದು ಎಕರೆ ಹಿಡಿಯುತ್ತದೆ. ನಾಲೆ ನೀರು ಖಾತರಿಯಾಗಿ ಹರಿಯುವ ‘ಎ’ ವರ್ಗದ ಜಮೀನನ್ನು ಈ ಪಟ್ಟಿಗೆ ತರಲೇಬೇಡಿ. 2020ರ ಭೂ ಸುಧಾರಣಾ ತಿದ್ದುಪಡಿ 79ಎ, 79ಬಿ ಕಲಂಗಳನ್ನು ತೆಗೆದು ಕೃಷಿಕರಲ್ಲದವರೂ ಕೊಳ್ಳಬಹುದು ಎಂದಿತು. ಆದರೆ ಅಂಥ ನೀರಾವರಿ ಜಮೀನನ್ನು ಬೇಸಾಯಕ್ಕೇ ಉಳಿಸಿದೆ.

ಎರಡನೇ ಹೆಜ್ಜೆ: ಕಾಗದ

ಇಲ್ಲಿ ನಿಧಾನಿಸಿ. ಹೂಡಿಕೆದಾರರ ವಕೀಲರು ಸಾಮಾನ್ಯವಾಗಿ 30 ವರ್ಷದ ಋಣಭಾರ ಪತ್ರ, ಅಂದರೆ ಇಸಿ ಕೇಳುತ್ತಾರೆ. ಅವರು ಕೇಳುವ ಮುನ್ನವೇ ನೀವು ತೆಗೆಸಿ ಓದಿರಬೇಕು. ಅಜ್ಜ ಸೊಸೈಟಿಯಲ್ಲಿ ಮಾಡಿದ ಸಾಲ ತೀರಿದ್ದರೂ ಅಡಮಾನ ಬಿಡುಗಡೆಯ ನಮೂದು ಆಗಿರದಿದ್ದರೆ ಅದು ಸಾಲವಾಗಿಯೇ ಕಾಣುತ್ತದೆ.

ಪಹಣಿ ಎಂದರೆ ಜಮೀನು ಯಾರದು, ಎಷ್ಟಿದೆ ಎಂದು ಹೇಳುವ ಕಂದಾಯ ದಾಖಲೆ. ಅದರಲ್ಲಿ ಮೊದಲು ಒಡೆಯರ ಹೆಸರಿರುವ 9ನೇ ಕಾಲಂ ನೋಡಿ. ಅಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿಲ್ಲ ಎಂದರ್ಥ. ಹೆಚ್ಚಿನವರು ಎಡವುವುದು ಇಲ್ಲಿ. ‘ಪೌತಿ ಖಾತೆ ಅಣ್ಣನ ಹೆಸರಿಗೆ ಆಗಿದೆ, ಇನ್ನೇನು’ ಎನ್ನುತ್ತಾರೆ. ಖಾತೆ ಕಂದಾಯ ಕಟ್ಟುವವರು ಯಾರು ಎಂದು ಹೇಳುತ್ತದೆಯೇ ಹೊರತು ಒಡೆತನವನ್ನು ಒಬ್ಬರಿಗೇ ಬರೆದುಕೊಡುವುದಿಲ್ಲ. ತಮ್ಮಂದಿರು, ಅಕ್ಕತಂಗಿಯರು, ತೀರಿಕೊಂಡವರ ಹೆಂಡತಿ ಮಕ್ಕಳು ಎಲ್ಲರ ಹಕ್ಕೂ ಅದರೊಳಗೇ ಇದೆ.

ಹೆಣ್ಣುಮಕ್ಕಳ ವಿಚಾರ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರ ಬಗ್ಗೆ ಊರಲ್ಲಿ ತಪ್ಪು ತಿಳಿವಳಿಕೆ ಬಹಳ. ಕರ್ನಾಟಕವು 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಪ್ರಶ್ನೆಯೇ ಇಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಮುಖ್ಯವಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ವಿಭಾಗ ಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಅದು ಉಳಿಯುತ್ತದೆ. ಪಂಚಾಯಿತಿ ಕಟ್ಟೆಯಲ್ಲಿ ಬಿಳಿ ಹಾಳೆ ಮೇಲೆ ಬರೆದ ಪಾಲುಪಟ್ಟಿಯನ್ನು ಯಾವ ಕಂಪನಿಯ ವಕೀಲರೂ ಒಪ್ಪಿದ್ದನ್ನು ನಾನು ನೋಡಿಲ್ಲ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ಹೆದ್ದಾರಿಗೆ ಹೊಂದಿಕೊಂಡ ಆರು ಎಕರೆ, ಗೋಡೌನ್ ಕಟ್ಟುವವರು ಬಾಡಿಗೆ ಮಾತಾಡಿ ಕೈಕುಲುಕಿ ಹೋಗಿದ್ದರು. ವಂಶವೃಕ್ಷ ಕೇಳಿದಾಗ ಅಣ್ಣತಮ್ಮಂದಿರು ಗಂಡುಮಕ್ಕಳ ಹೆಸರು ಮಾತ್ರ ಬರೆಸಿದ್ದರು. ತೀರಿಕೊಂಡ ದೊಡ್ಡಪ್ಪನಿಗೆ ಮೂವರು ಹೆಣ್ಣುಮಕ್ಕಳು ಎಂಬುದು ಪಕ್ಕದ ಹೊಲದವರ ಬಾಯಿಂದ ಹೊರಬಿತ್ತು. ಅವರಲ್ಲಿ ಒಬ್ಬರು ಪುಣೆಯಲ್ಲಿದ್ದರು. ‘ನಮ್ಮನ್ನು ಯಾರೂ ಒಂದು ಮಾತು ಕೇಳಲಿಲ್ಲ’ ಎಂದು ನೊಂದುಕೊಂಡು ಸಹಿಗೆ ಒಪ್ಪಲಿಲ್ಲ. ಅವರ ನೋವು ನ್ಯಾಯವಾದದ್ದೇ. ಕಂಪನಿಯವರು ಎರಡು ತಿಂಗಳು ಕಾದು ಬೇರೆ ಕಡೆ ಹೋದರು. ಆ ಹೊಲದಲ್ಲಿ ಈಗಲೂ ಜಾಲಿ ಬೆಳೆದಿದೆ.

ಆದ್ದರಿಂದ ಹೂಡಿಕೆದಾರರನ್ನು ಹುಡುಕುವ ಮುನ್ನ ಅಕ್ಕತಂಗಿಯರನ್ನು ಮನೆಗೆ ಕರೆಯಿರಿ. ಬಾಡಿಗೆ ಎಷ್ಟು ಬರಬಹುದು, ಯಾರಿಗೆ ಎಷ್ಟು ಪಾಲು ಎಂದು ಕೂತು ಮಾತಾಡಿ. ಪಾಲು ಬೇಡ ಎನ್ನುವವರಿಂದ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ತೆಗೆದುಕೊಳ್ಳಿ, ಬೇಕೆನ್ನುವವರ ಹೆಸರನ್ನು ಖಾತೆಗೆ ಸೇರಿಸಿ. ನಾಡಕಚೇರಿಯ ವಂಶವೃಕ್ಷದಲ್ಲಿ ಒಬ್ಬರನ್ನೂ ಬಿಡಬೇಡಿ. ಅಪ್ರಾಪ್ತ ಮಕ್ಕಳ ಪಾಲಿದ್ದರೆ ವಕೀಲರನ್ನು ಕಾಣದೆ ಮುಂದಕ್ಕೆ ಹೋಗಬೇಡಿ.

ಮುಂದಿನದು ಜಮೀನು ಮೂಲತಃ ಹೇಗೆ ಬಂತು ಎಂಬುದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಅಂಥ ಜಮೀನಿನ ಪರಭಾರೆಯನ್ನು, ಅಂದರೆ ಮಾರಾಟ ಮೊದಲಾದ ವರ್ಗಾವಣೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆ ಅಸಿಂಧು, ಮತ್ತು 2023ರ ತಿದ್ದುಪಡಿಯ ನಂತರ ಮರಳಿ ಕೊಡಿಸಿ ಎಂದು ಅರ್ಜಿ ಹಾಕಲು ಕಾಲಮಿತಿಯೂ ಇಲ್ಲ. ಈ ಕಾಯ್ದೆ ಬಡವರ ಜಮೀನು ಕೈತಪ್ಪದಿರಲಿ ಎಂದೇ ಬಂದದ್ದು. ಅದನ್ನು ಬಳಸುದಾರಿಯಲ್ಲಿ ದಾಟಿಸಿಕೊಡುತ್ತೇನೆ ಎನ್ನುವವರನ್ನು ಹತ್ತಿರ ಸೇರಿಸಬೇಡಿ. ಗೇಣಿದಾರರಾಗಿ ಭೂ ನ್ಯಾಯಮಂಡಳಿಯಿಂದ ಬಂದ ಜಮೀನಿಗೂ, ಬಗರ್‌ಹುಕುಂ ಸಾಗುವಳಿ ಚೀಟಿಯ, ಅಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ನೆಲ ಸಕ್ರಮವಾಗಿ ಬಂದ ಜಮೀನಿಗೂ ಇಷ್ಟು ವರ್ಷ ಪರಭಾರೆ ಕೂಡದು ಎಂಬ ಷರತ್ತು ಇರುತ್ತದೆ. ಮೂಲ ಆದೇಶದ ನಕಲು ತೆಗೆಸಿ ಓದಿ.

ಇನ್ನು ಅಳತೆ. ಪಹಣಿಯಲ್ಲಿ 4 ಎಕರೆ 10 ಗುಂಟೆ ಎಂದಿದ್ದರೂ ಖರಾಬು ಕಳೆದರೆ ಎಷ್ಟು ಉಳಿಯುತ್ತದೆ ಎಂಬುದು 3ನೇ ಕಾಲಂನಲ್ಲಿದೆ. ‘ಅ’ ಖರಾಬು ಬೇಸಾಯಕ್ಕೆ ಬಾರದ ನೆಲ, ನಿಮ್ಮ ಜಮೀನಿನ ಜೊತೆಗೇ ಸೇರಿದ್ದು. ‘ಬ’ ಖರಾಬು ಹಳ್ಳ, ದಾರಿ, ಸಾರ್ವಜನಿಕ ಉಪಯೋಗದ್ದು, ಅದು ನಿಮ್ಮದಲ್ಲ. ಒಂದೇ ಸರ್ವೆ ನಂಬರಿನಲ್ಲಿ ಐದಾರು ಜನರ ಹೆಸರಿದ್ದು ಪೋಡಿ, ಅಂದರೆ ಪ್ರತಿಯೊಬ್ಬರ ಭಾಗ ಅಳೆದು ಬೇರ್ಪಡಿಸುವ ಕೆಲಸ, ಆಗದಿದ್ದರೆ ನಿಮ್ಮ ಭಾಗ ಎಲ್ಲಿಂದ ಎಲ್ಲಿಗೆ ಎಂದು ದಾಖಲೆ ಹೇಳುವುದಿಲ್ಲ. ಸರ್ವೆ ನಂಬರಿನ ಒಂದು ಭಾಗ ಮಾರುವುದಾದರೆ ನೋಂದಣಿಗೆ ಆ ಭಾಗವನ್ನು ಗುರುತಿಸುವ ಸರ್ವೆ ಇಲಾಖೆಯ 11ಇ ನಕ್ಷೆ ಬೇಕೇ ಬೇಕು. ಜೊತೆಗೆ ಹದ್ದುಬಸ್ತು, ಅಂದರೆ ಗಡಿ ಗುರುತು ಮಾಡಿಸಿ ಕಲ್ಲು ನೆಡಿಸಿ. ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಹೊಲದೊಳಗೆ ನಿಂತು ಸರ್ವೆ ನಂಬರು ನೋಡಿಕೊಳ್ಳಬಹುದು. ಪರಿಶೀಲನೆಗೆ ಚೆನ್ನಾಗಿದೆ, ಆದರೆ ಅದು ಸರ್ವೆಯರ್ ಅಳತೆಗೆ ಸಮವಲ್ಲ.

ದಾರಿಯನ್ನೂ ಮರೆಯಬೇಡಿ. ‘ಮೊದಲಿಂದಲೂ ಪಕ್ಕದವರ ಬದುವಿನ ಮೇಲೆ ಗಾಡಿ ಹೋಗುತ್ತಿತ್ತು’ ಎಂಬುದು ಲಾರಿಗೆ ದಾರಿಯಾಗುವುದಿಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದೆಯೇ ನೋಡಿ, ಇಲ್ಲದಿದ್ದರೆ ಪಕ್ಕದವರಿಂದ ನೋಂದಾಯಿತ ದಾರಿ ಹಕ್ಕು ಪಡೆಯಿರಿ. ರಾಷ್ಟ್ರೀಯ ಹೆದ್ದಾರಿ ಪಕ್ಕದಲ್ಲಿ ಸಾಮಾನ್ಯವಾಗಿ ರಸ್ತೆಯ ಮಧ್ಯರೇಖೆಯಿಂದ 40 ಮೀಟರ್ ಒಳಗೆ ಕಟ್ಟಡಕ್ಕೆ ಅವಕಾಶವಿಲ್ಲ. ಹೆದ್ದಾರಿಗೆ ಪ್ರವೇಶ ದಾರಿ ಕೂಡಿಸಲು ಬೇರೆಯೇ ಅನುಮತಿ ಬೇಕು.

ಮೂರನೇ ಹೆಜ್ಜೆ: ಪಕ್ಕದವರ ಜೊತೆ ಕೂಡಿ

ಎರಡು ಎಕರೆಗೆ ದೊಡ್ಡ ಕಂಪನಿ ಬರುವುದಿಲ್ಲ. ಅಕ್ಕಪಕ್ಕದ ನಾಲ್ಕಾರು ಮನೆಯವರು ಸೇರಿ ಹತ್ತು ಎಕರೆ ಮಾಡಿ, ಒಂದೇ ದರ, ಒಬ್ಬರೇ ವಕೀಲರು ಎಂದು ಬರೆದಿಟ್ಟುಕೊಳ್ಳಿ. ಮಾರುವುದಕ್ಕಿಂತ ಲೀಸಿಗೆ ಕೊಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾವಗಡ ನೋಡಿ: ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತು. ಜಮೀನನ್ನು ಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ ಎಂಬ ಲೆಕ್ಕದಲ್ಲಿ ಗುತ್ತಿಗೆಗೆ ಪಡೆದರು. ಬರದ ಸೀಮೆಯ ರೈತರಿಗೆ ಪಹಣಿಯೂ ಉಳಿಯಿತು, ವರ್ಷದ ಆದಾಯವೂ ಬಂತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಕುರಿ ಮೇಯಿಸುತ್ತಿದ್ದ ಜಮೀನಿಲ್ಲದವರಿಗೆ ಆ ಬಾಡಿಗೆಯಲ್ಲಿ ಪಾಲಿರಲಿಲ್ಲ. ನಿಮ್ಮ ಊರಲ್ಲಿ ಮಾತಾಡುವಾಗ ಕಾವಲು, ಸ್ವಚ್ಛತೆಯಂಥ ಕೆಲಸ ಊರಿನವರಿಗೇ ಎಂಬ ಷರತ್ತನ್ನು ಮೊದಲೇ ಇಡಿ.

ನಾಲ್ಕನೇ ಹೆಜ್ಜೆ: ಒಂದು ಪುಟದ ವಿವರ

ಹೋಬಳಿ, ಗ್ರಾಮ, ಸರ್ವೆ ನಂಬರು, ಖರಾಬು ಕಳೆದ ವಿಸ್ತೀರ್ಣ, ರಸ್ತೆಗೆ ಎಷ್ಟು ಅಡಿ ಮುಖ, ಸಬ್‌ಸ್ಟೇಷನ್ ಎಷ್ಟು ದೂರ, ನೀರು ಎಷ್ಟಿದೆ, ಮ್ಯಾಪ್ ಲೊಕೇಶನ್, ನಾಲ್ಕು ಫೋಟೊ. ಇಷ್ಟು ಸಾಕು. ಡ್ರೋನ್ ವಿಡಿಯೊ, ಬಣ್ಣದ ಬ್ರೋಷರ್ ಮಾಡಿಕೊಡುತ್ತೇವೆ ಎಂದು ಬರುವವರಿಗೆ ಹಣ ಸುರಿಯಬೇಡಿ. ಆ ದುಡ್ಡಿನಲ್ಲಿ ಪೋಡಿ ಮಾಡಿಸಿ.

ಐದನೇ ಹೆಜ್ಜೆ: ಎಲ್ಲಿಗೆ ಒಯ್ಯಬೇಕು?

ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಮೊದಲು ಹೋಗಿ. 15 ಕೋಟಿ ರೂಪಾಯಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯ ಮುಂದೆ ಬರುತ್ತವೆ, ಹಾಗಾಗಿ ಜಿಲ್ಲೆಯಲ್ಲಿ ಜಾಗ ಹುಡುಕುತ್ತಿರುವವರು ಯಾರು ಎಂಬುದು ಅಲ್ಲಿ ಗೊತ್ತಿರುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಬೆಂಗಳೂರಿನ ಕರ್ನಾಟಕ ಉದ್ಯೋಗ ಮಿತ್ರ. ಹಿಂದುಳಿದ ತಾಲ್ಲೂಕುಗಳಿಗೆ ಕೈಗಾರಿಕಾ ನೀತಿಯಲ್ಲಿ ಹೆಚ್ಚಿನ ರಿಯಾಯಿತಿ ಇದೆ, ನಿಮ್ಮ ತಾಲ್ಲೂಕು ಯಾವ ವಲಯದಲ್ಲಿದೆ ಎಂದು ಕೇಳಿ ಆ ಒಂದು ಪುಟದಲ್ಲೇ ಬರೆಯಿರಿ. ಕೃಷಿ ಉತ್ಪನ್ನದ ಗೋದಾಮು, ಶೀತಲಗೃಹಕ್ಕೆ ಒಗ್ಗುವ ಜಾಗವಾದರೆ ಕೃಷಿ ಮೂಲಸೌಕರ್ಯ ನಿಧಿಯನ್ನೂ ಬರೆಯಿರಿ. ಅದರಲ್ಲಿ 2 ಕೋಟಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ ಏಳು ವರ್ಷದವರೆಗೆ ಸಿಗುತ್ತದೆ.

‘ನಿಮ್ಮ ಹೊಲದಲ್ಲಿ ಮೊಬೈಲ್ ಟವರ್ ಹಾಕುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬ ಫೋನ್ ಬಂದರೆ ಇಟ್ಟುಬಿಡಿ. ಬಂಕ್ ಕೊಡಿಸುತ್ತೇವೆ ಎಂಬ ನಕಲಿ ವೆಬ್‌ಸೈಟುಗಳೂ ಇವೆ. ಜಮೀನು ಬೇಕಾದವರು ನಿಮಗೆ ದುಡ್ಡು ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ. ಬ್ರೋಕರ್ ಬೇಕಾದರೆ ಇಟ್ಟುಕೊಳ್ಳಿ, ಕಮಿಷನ್ ಎಷ್ಟು ಎಂದು ಬರೆದುಕೊಳ್ಳಿ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ ಮಾತ್ರ ಬರೆದುಕೊಡಬೇಡಿ, ಅದರಿಂದ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರವೇ ಅವರ ಕೈಗೆ ಹೋಗುತ್ತದೆ.

ಆರನೇ ಹೆಜ್ಜೆ: ಪರಿವರ್ತನೆ ಯಾವಾಗ?

ಅನೇಕರು ಆತುರಪಟ್ಟು ಮೊದಲೇ ಭೂ ಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ, ಮಾಡಿಸಿಬಿಡುತ್ತಾರೆ. ಬೇಡ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಆಗುವ ಪರಿವರ್ತನೆ ಒಂದು ಉದ್ದೇಶಕ್ಕೆ ಸಿಗುವಂಥದ್ದು. ವಾಣಿಜ್ಯಕ್ಕೆಂದು ಮಾಡಿಸಿದ ಮೇಲೆ ಕೈಗಾರಿಕೆಯವರು ಬಂದರೆ ಮತ್ತೆ ಅಲೆದಾಟ. ತೆರಿಗೆಯೂ ಇದೆ. ಪಟ್ಟಣದಿಂದ ನಿಗದಿತ ದೂರದಾಚೆಗಿನ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಆ ದೂರ ಪಟ್ಟಣದ ಜನಸಂಖ್ಯೆಗೆ ತಕ್ಕಂತೆ 2, 6 ಅಥವಾ 8 ಕಿಲೋಮೀಟರ್. ಪರಿವರ್ತನೆಯಾದ ಮೇಲೆ ಆ ರಿಯಾಯಿತಿಗೆ ಕುತ್ತು. ಒಪ್ಪಂದಕ್ಕೆ ಸಹಿಯಾದ ಮೇಲೆ, ಹೂಡಿಕೆದಾರರು ತಮ್ಮ ಖರ್ಚಿನಲ್ಲೇ ಪರಿವರ್ತನೆ ಮಾಡಿಸಿಕೊಳ್ಳಲಿ.

ಕೊನೆಯ ಹೆಜ್ಜೆ: ಲೀಸ್ ಪತ್ರ

ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ನೋಂದಣಿ ಕಡ್ಡಾಯ. ‘ಸದ್ಯಕ್ಕೆ 11 ತಿಂಗಳಿಗೆ ಬರೆಯೋಣ’ ಎಂದರೆ ಒಪ್ಪಬೇಡಿ. ಬಾಡಿಗೆ ಸ್ವಾಧೀನ ಕೊಟ್ಟ ದಿನದಿಂದ ಶುರುವಾಗಬೇಕು. ‘ಘಟಕ ಆರಂಭವಾದ ದಿನದಿಂದ’ ಎಂದು ಬರೆಸಿಕೊಂಡು ಮೂರು ವರ್ಷ ಬೇಲಿ ಹಾಕಿ ಬಿಟ್ಟವರನ್ನು ಕಂಡಿದ್ದೇನೆ. ಇಂತಿಷ್ಟು ತಿಂಗಳಲ್ಲಿ ಕೆಲಸ ಶುರುವಾಗದಿದ್ದರೆ ಒಪ್ಪಂದ ರದ್ದು ಎಂಬ ಮಾತು ಇರಲಿ. ಕಂಪನಿ ತನ್ನ ಗುತ್ತಿಗೆ ಹಕ್ಕನ್ನು ಬ್ಯಾಂಕಿಗೆ ಅಡವಿಡಬಹುದು, ನಿಮ್ಮ ಒಡೆತನವನ್ನು ಇಡುವ ಹಾಗಿಲ್ಲ ಎಂದು ಬಿಡಿಸಿ ಬರೆಸಿ. ಅವಧಿ ಮುಗಿದಾಗ ಕಾಂಕ್ರೀಟ್ ಪಾಯ ಕಿತ್ತು ನೆಲ ಸಮ ಮಾಡಿಕೊಡುವ ಹೊಣೆ ಅವರದೇ. ಈ ಬಾಡಿಗೆ ಕೃಷಿ ಆದಾಯವಲ್ಲ, ತೆರಿಗೆಗೆ ಒಳಪಡುತ್ತದೆ.

ನೋಂದಣಿಯಾದ ಮೇಲೆ ಹೊಸ ಪಹಣಿ ಮತ್ತು ಇಸಿ ತೆಗೆಸಿ. 9ನೇ ಕಾಲಂನಲ್ಲಿ ನಿಮ್ಮೆಲ್ಲರ ಹೆಸರು ಹಾಗೇ ಇರಬೇಕು, ಕಂಪನಿಯ ಹೆಸರು ಬಂದರೆ ಅದು ಇತರ ಹಕ್ಕುಗಳನ್ನು ಬರೆಯುವ 11ನೇ ಕಾಲಂನಲ್ಲಿ, ಗುತ್ತಿಗೆಯ ಅವಧಿಯೊಂದಿಗೆ ಬರಬೇಕು. ಬೇರೆ ರೀತಿ ಕಂಡರೆ ಅವತ್ತೇ ತಹಶೀಲ್ದಾರರಿಗೆ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.