ಹಳೆಯ ಹಾಯಿದೋಣಿ ಕೊಳ್ಳುವ ಮುಂಚೆ ನೀರಿನ ಜಾಡು ಹಿಡಿಯಿರಿ

ಹಳೆಯ ಹಾಯಿದೋಣಿ ನೋಡೋಕೆ ಹೊರಟರೆ ನನ್ನ ಚೀಲದಲ್ಲಿ ಒಂದು ಒಳ್ಳೆ ಟಾರ್ಚ್, ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆ, ಹಿಡಿಕೆ ಇರುವ ಪುಟ್ಟ ಕನ್ನಡಿ, ಸ್ಕ್ರೂಡ್ರೈವರ್, ಒಂದಿಷ್ಟು ಟಿಶ್ಯೂ ಕಾಗದ ಇರುತ್ತವೆ. ಮಳೆ ಬಿದ್ದ ಮಾರನೆಯ ದಿನ ಹೋಗುವುದು ಇನ್ನೂ ಒಳ್ಳೇದು. ವಾರಗಟ್ಟಲೆ ಬಿಸಿಲು ಕಾದ ದೋಣಿಯಲ್ಲಿ ಸೋರಿಕೆ ಕಾಣುವುದೇ ಇಲ್ಲ.

ನಾನು ಹುಡುಕುವುದು ಮುಖ್ಯವಾಗಿ ನೀರನ್ನು. ಎಲ್ಲಿಂದ ಒಳಗೆ ಬರುತ್ತಿದೆ, ಎಲ್ಲಿ ನಿಂತಿದೆ, ನಿಂತ ಕಡೆ ಏನನ್ನು ತಿಂದಿದೆ. ಹರಿದ ಮೆತ್ತೆ, ಮಾಸಿದ ಬಣ್ಣ, ಉರಿಯದ ದೀಪ ಇವೆಲ್ಲ ಕಣ್ಣಿಗೆ ಕಾಣುತ್ತವೆ, ನಿಧಾನಕ್ಕೆ ಸರಿ ಮಾಡಿಕೊಳ್ಳಬಹುದು. ನೀರು ಮಾಡಿದ ಹಾನಿ ಹಾಗಲ್ಲ.

ಒಳಗೆ ಇಳಿದ ಕೂಡಲೇ ಬೀರುಗಳ ಬಾಗಿಲು ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ ಅಲ್ಲೇ ಟಾರ್ಚ್ ಹಾಕಿ. ಆಮೇಲೆ ನೆಲದ ಹಲಗೆ ಎತ್ತಿ ಬಿಲ್ಜ್, ಅಂದರೆ ಸೋರಿದ ನೀರು ಬಂದು ಸೇರುವ ದೋಣಿಯ ತಳ, ನೋಡಿ. ದೋಣಿ ಸಮುದ್ರದಲ್ಲಿ ನಿಂತಿದ್ದು ಅಲ್ಲಿರುವ ನೀರು ಉಪ್ಪಾಗಿದ್ದರೆ, ಅದು ಹೆಚ್ಚಾಗಿ ಕೆಳಗಿನಿಂದ ಬಂದದ್ದು. ಸಿಹಿಯಾಗಿದ್ದರೆ ಮಳೆಯದ್ದು, ಇಲ್ಲವೇ ಕುಡಿಯುವ ನೀರಿನ ಟ್ಯಾಂಕಿನದ್ದು. ಒಂದು ಬಟ್ಟೆ ತಗೊಂಡು ಬಿಲ್ಜನ್ನು ಪೂರ್ತಿ ಒರೆಸಿ ಒಣಗಿಸಿ. ಅಲ್ಲಿಗೆ ಮತ್ತೆ ಬರೋಣ.

ಈಗ ಡೆಕ್ (ದೋಣಿಯ ಮೇಲ್ಗಡೆಯ ನೆಲ) ಮೇಲೆ ಹತ್ತಿ. ಫೈಬರ್‌ಗ್ಲಾಸ್ ದೋಣಿಗಳಲ್ಲಿ ಡೆಕ್ ಅಂದರೆ ಸಾಮಾನ್ಯವಾಗಿ ಎರಡು ತೆಳು ಪದರ, ನಡುವೆ ಬಾಲ್ಸಾ ಮರ, ಪ್ಲೈವುಡ್ ಅಥವಾ ಫೋಮ್. ಮೇಲಿನ ಪದರಕ್ಕೆ ಹಾಕಿದ ಒಂದೊಂದು ಸ್ಕ್ರೂ ಕೂಡ ನೀರಿಗೆ ದಾರಿಯಾಗಬಹುದು. ಅದಕ್ಕೇ ಡೆಕ್ ಅಂಚಿನ ಬೇಲಿಗಂಬಗಳ ಬುಡ, ಕಿಂಡಿಗಳ ಅಂಚು, ಹಾಯಿ ಕಟ್ಟುವ ಕಂಬವಾದ ಕೂವೆಮರದ ಸುತ್ತ, ಈ ಜಾಗಗಳಲ್ಲಿ ಸುತ್ತಿಗೆಯಿಂದ ಅಂಗೈ ಅಗಲಕ್ಕೊಂದರಂತೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಟಕ್ ಅಂತ ಚುರುಕಾದ ಸದ್ದು. ಒಂದು ಕಡೆ ಇದ್ದಕ್ಕಿದ್ದಂತೆ ದಬ್ ಅನ್ನುತ್ತದೆ, ಒದ್ದೆ ರಟ್ಟಿನ ಪೆಟ್ಟಿಗೆ ತಟ್ಟಿದ ಹಾಗೆ. ಒಮ್ಮೆ ಕೇಳಿದರೆ ಆ ಸದ್ದು ಮರೆಯುವುದಿಲ್ಲ. ಅಲ್ಲಿ ಒಳಗಿನ ಮರ ಪದರದಿಂದ ಬಿಟ್ಟಿದೆ ಅಥವಾ ಕೊಳೆತಿದೆ. ಆ ಜಾಗದ ಸುತ್ತ ಟೇಪ್ ಅಂಟಿಸಿ. ಟೇಪಿನ ಗೆರೆ ಅಂಗೈಯಷ್ಟಿದ್ದರೆ ಮಾತಾಡಬಹುದು. ಅರ್ಧ ಡೆಕ್ ಸುತ್ತಿ ಬಂದರೆ ಕೈಮುಗಿದು ಇಳಿದುಬಿಡಿ.

ಚೈನ್‌ಪ್ಲೇಟ್ ವಿಷಯಕ್ಕೆ ಮಾತ್ರ ನಾನು ಜಾಸ್ತಿ ಹೊತ್ತು ತಗೊಳ್ಳುತ್ತೇನೆ. ಕೂವೆಮರವನ್ನು ಹಿಡಿದಿಡುವ ತಂತಿಗಳು ದೋಣಿಗೆ ಸೇರುವುದು ಈ ಉಕ್ಕಿನ ಪಟ್ಟಿಗಳಲ್ಲಿ. ನನ್ನ ಮೊದಲ ದೋಣಿಯಲ್ಲಿ ಒಂದು ಅಡ್ಡಗೋಡೆಯ ಮೇಲೆ ಬೆರಳಗಲದ ಕಂದು ಗೆರೆ ಇಳಿದಿತ್ತು. "ಹಳೇ ಕಲೆ, ಸುಮ್ನೆ ಬಿಡಿ" ಅಂದರು ಮಾರುವವರು. ನಾನು ನಂಬಿದೆ. ಕೊಂಡು ಎರಡು ತಿಂಗಳಾದ ಮೇಲೆ ವಾರ್ನಿಶ್ ಹಚ್ಚಿದ ಮುಚ್ಚಳ ಬಿಚ್ಚಿದರೆ, ಹಿಂದಿನ ಪ್ಲೈವುಡ್ ಕಪ್ಪಗೆ ಕೊಳೆತು ಸ್ಕ್ರೂಡ್ರೈವರ್ ಹಿಡಿಕೆಯವರೆಗೂ ಒಳಗೆ ಹೋಯಿತು. ಪಟ್ಟಿ ಡೆಕ್ ದಾಟುವ ಕಡೆಯಲ್ಲೇ ಕೂದಲೆಳೆಯಂಥ ಬಿರುಕು. ಸ್ಟೇನ್‌ಲೆಸ್ ಉಕ್ಕಿಗೆ ಗಾಳಿ ಬೇಕು. ಗಾಳಿಯಲ್ಲಿರುವ ಆಮ್ಲಜನಕದಿಂದಲೇ ಅದರ ಮೇಲೆ ಕಾಪಾಡುವ ಪೊರೆ ಉಳಿಯುವುದು. ಗಾಳಿ ಆಡದ ಜಾಗದಲ್ಲಿ ಉಪ್ಪುನೀರು ನಿಂತರೆ ಹೊರಗೆ ಫಳಫಳ ಅಂತಿದ್ದರೂ ಒಳಗೊಳಗೇ ಸವೆಯುತ್ತದೆ. ಆದ್ದರಿಂದ ಮುಚ್ಚಳ ತೆಗೆಯಲು ಕೇಳಿ. ಬಿಡದಿದ್ದರೆ ಪಟ್ಟಿ ಕೆಟ್ಟಿದೆ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ತಂತಿಗಳ ಮೇಲೆ ಟಿಶ್ಯೂ ಕಾಗದ ಸುತ್ತಿ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಒಂದು ಎಳೆ ಮುರಿದಿದ್ದರೂ ಕಾಗದ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾಡಿದರೆ ಬೆರಳು ಸೀಳುತ್ತದೆ. ತಂತಿ ಹಾಕಿ ಎಷ್ಟು ವರ್ಷವಾಯಿತು ಅಂತ ಬಿಲ್ ಸಮೇತ ಕೇಳಿ. 10ರಿಂದ 15 ವರ್ಷ ದಾಟಿದ್ದರೆ ಪೂರ್ತಿ ಬದಲಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ದೋಣಿಯನ್ನು ನೀರಿನಿಂದ ಎತ್ತಿಸದೆ ಕೊಳ್ಳಬೇಡಿ. ಕೆಳಗೆ ನಿಂತು ಕೀಲ್ (ತಳದಿಂದ ಕೆಳಕ್ಕೆ ಚಾಚಿರುವ ಭಾರದ ಭಾಗ) ಮತ್ತು ಹಲ್ (ದೋಣಿಯ ಒಡಲು) ಸೇರುವ ಗೆರೆ ನೋಡಿ. ಮುಂಭಾಗದಲ್ಲಿ ಬಾಯಿ ಬಿಟ್ಟಂತೆ ಬಿರುಕು, ಅದರಿಂದ ತುಕ್ಕಿನ ನೀರು ಇಳಿದಿದ್ದರೆ ಕೀಲ್ ಹಿಡಿದಿರುವ ಬೋಲ್ಟ್‌ಗಳವರೆಗೂ ನೀರು ಮುಟ್ಟಿರಬಹುದು. ಹಾಗೇ ಒಳಗೆ ಹೋಗಿ ಕೀಲ್‌ನ ಹಿಂದಿನ ತುದಿ ಬರುವ ಕಡೆ ಅಡ್ಡಪಟ್ಟಿಗಳಲ್ಲಿ ಸೀಳು ಇದೆಯೇ ನೋಡಿ. ನೆಲಕ್ಕೆ ಗುದ್ದಿದ ದೋಣಿಯ ಪೆಟ್ಟು ಅಲ್ಲಿ ಕಾಣಿಸುತ್ತದೆ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಚೀಕಿ ರಫೀಕಿ ಎಂಬ ದೋಣಿಯ ಕೀಲ್ ಕಳಚಿ 4 ಜನ ಪ್ರಾಣ ಕಳೆದುಕೊಂಡರು. ಹಿಂದೆ ನೆಲಕ್ಕೆ ತಾಗಿದ್ದು, ಆಮೇಲೆ ಆದ ರಿಪೇರಿ, ಇವೆರಡೂ ಸೇರಿ ಆ ಭಾಗ ದುರ್ಬಲವಾಗಿರಬಹುದು ಅಂತ ಬ್ರಿಟನ್ನಿನ ತನಿಖೆ ಹೇಳಿತು. ನೆಲಕ್ಕೆ ಯಾವಾಗಾದರೂ ತಾಗಿತ್ತಾ ಅಂತ ಮಾಲೀಕರನ್ನು ನೇರವಾಗಿ ಕೇಳುವುದರಲ್ಲಿ ಸಂಕೋಚ ಏಕೆ, ಅಲ್ವಾ?

ಹಲ್ ಮೇಲೆ ಬೊಕ್ಕೆಗಳಿದ್ದರೆ ಗಾಬರಿ ಬೇಡ. ನಾಲ್ಕಾರು ಇದ್ದರೆ ದೊಡ್ಡ ವಿಷಯವಲ್ಲ. ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಸವೆದಿದೆ. ಎತ್ತಿ ಒಂದು ದಿನವಾದರೂ ಅದರ ತಳದಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗೆ ತುಂಬಿಕೊಂಡಿದೆ. ಹಲ್ ದಾಟುವ ಪ್ರತಿ ಕವಾಟವನ್ನೂ ದೋಣಿ ನೆಲದ ಮೇಲಿರುವಾಗಲೇ ತಿರುಗಿಸಿ ನೋಡಿ, ತೇಲುವಾಗ ಬಲವಂತ ಮಾಡಬೇಡಿ. ಹಿತ್ತಾಳೆಯದ್ದನ್ನು ಕೆರೆದಾಗ ಗುಲಾಬಿ ಬಣ್ಣ ಕಂಡರೆ ಸತು ಕರಗಿಹೋಗಿದೆ, ಅದು ಬಿಸ್ಕತ್ತಿನಂತೆ ಮುರಿಯಬಹುದು.

ಎಂಜಿನ್ ತಣ್ಣಗಿರಲಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ನಾಳೆ ಬರುತ್ತೇನೆ ಅನ್ನಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಹಾಯಿಗಳನ್ನು ಚೀಲದಿಂದ ತೆಗೆದು ಹರಡಿ, ಹೊಲಿಗೆಯನ್ನು ಉಗುರಿನಿಂದ ಕೆರೆಯಿರಿ. ದಾರ ಪುಡಿಯಾದರೆ ಬಿಸಿಲು ತಿಂದಿದೆ.

ಇಷ್ಟೆಲ್ಲ ಆಗಿ ದೋಣಿ ಮನಸ್ಸಿಗೆ ಬಂದರೆ ದೋಣಿ ಪರೀಕ್ಷಿಸುವ ಸರ್ವೇಯರ್ ಕರೆಸಿ, ಮಾರುವವರು ಸೂಚಿಸಿದವರನ್ನಲ್ಲ, ನೀವೇ ಹುಡುಕಿದವರನ್ನು. ಕೊನೆಗೆ ಗಾಳಿ ಚೆನ್ನಾಗಿರುವ ದಿನ ಒಂದೆರಡು ಗಂಟೆ ಹಾಯಿ ಬಿಚ್ಚಿ ಓಡಿಸಿ, ಎರಡೂ ಬದಿಗೆ ವಾಲಿಸಿ. ವಾಪಸ್ ಬಂದು ಹಗ್ಗ ಕಟ್ಟಿದ ಮೇಲೆ ನೆಲದ ಹಲಗೆ ಮತ್ತೊಮ್ಮೆ ಎತ್ತಿ, ನೀವು ಒರೆಸಿಟ್ಟಿದ್ದ ಬಿಲ್ಜ್‌ಗೆ ಟಾರ್ಚ್ ಹಾಕಿ.